ಚಕ್ ಖಾಲಿ ಇಲ್ಲ

ಸೇಡಂ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಬ್ಬಿಣ ಕೊರೆಯುವ ಒಂದು ಲೇತ್ ಅಂಗಡಿ ಇದೆ. ಮೊನ್ನೆ ಶಹಾಬಾದಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಅಲ್ಲಿಂದ ಸುಟ್ಟ ಎಣ್ಣೆ, ಕಾದ ಕಬ್ಬಿಣ ಕೂಡಿದ ವಾಸನೆ ಬಂತು. ಪಕ್ಕದಲ್ಲೇ ಭಜಿ ಕರಿಯುತ್ತಿದ್ದರು. ಆ ವಾಸನೆ ಬೇರೆ, ಇದು ಬೇರೆ. ಇದು ಮೂಗಿಗೆ ಹತ್ತಿದರೆ ಬಿಡುವುದಿಲ್ಲ, ಸೆರಗು ಹಿಡಿದು ಮನೆಯ ತನಕ ಬರುತ್ತದೆ. ಚೀಲ ಎತ್ತಿಕೊಂಡು ಹೋಗಿ ಅಂಗಡಿಯ ಬಾಗಿಲಲ್ಲಿ ನಿಂತೆ.

ಒಳಗಿದ್ದವನು ಕನ್ನಡಕ ಹಣೆಗೇರಿಸಿ ನೋಡಿದ. “ಆಯಿ, ಹೊರಗ ನಿಂದ್ರು. ಚೂರು ಹಾರ್ತಾವ. ಇದು ಹೆಣ್ಮಕ್ಕಳು ನಿಂದ್ರೋ ಜಾಗ ಅಲ್ಲ.”

“ಹಾರ್ಲಿ ಬಿಡಪ್ಪ. ನನ್ನ ಸೀರ್ಯಾಗ ಹಳೇ ತೂತು ಭಾಳ ಅವ. ಅದರಾಗಿಂದನೇ ಹೋಗ್ತಾವ.”

ಅವನು ನಕ್ಕು ಮತ್ತೆ ಕೆಲಸಕ್ಕೆ ಬಗ್ಗಿದ. ನನ್ನ ಬಸ್ಸು ಬಂತು, ಹೋಯಿತು. ನಾನು ಅಲ್ಲೇ ನಿಂತಿದ್ದೆ. ಕಬ್ಬಿಣದ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುವುದನ್ನು ನೋಡುತ್ತ ನಿಂತವಳಿಗೆ ಆ ಬೇಸಿಗೆ ನೆನಪಾಯಿತು. ಲೇತ್ ಮಾರಿಬಿಡುತ್ತೇನೆ ಎಂದು ನಮ್ಮವರು ಹಟ ಹಿಡಿದ ಬೇಸಿಗೆ. ಮಾರಲು ಬಿಡುವುದಿಲ್ಲ ಎಂದು ನಾನು ಹಟ ಹಿಡಿದ ಬೇಸಿಗೆ.

ನಮ್ಮವರು ಶಿವಶರಣಪ್ಪ, ಶಹಾಬಾದಿನ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದರು. ಕಾರ್ಖಾನೆ ಮುಚ್ಚಿದ ದಿನ ಎಲ್ಲರೂ ಗೇಟಿನ ಹೊರಗೆ ನಿಂತು ಕೂಗುತ್ತಿದ್ದರೆ ಇವರು ಒಳಗೇ ಉಳಿದು ಚಕ್ಕಿನಲ್ಲಿದ್ದ ತುಂಡನ್ನು ಮುಗಿಸಿ ಬಂದರು. ಚಕ್ ಎಂದರೆ ಲೇತಿನ ದವಡೆ. ಕೊರೆಯಬೇಕಾದ ಕಬ್ಬಿಣವನ್ನು ಅದು ಕಚ್ಚಿ ಹಿಡಿದು ತಿರುಗಿಸುತ್ತದೆ. “ಮುಗಿಯೂಕಿಂತ ಮೊದಲ ಬಿಚ್ಚಿದ್ರ ಮತ್ತ ಅದೇ ಜಾಗಕ್ಕ ಕುಂದ್ರೂದಿಲ್ಲ. ಕೂದಲೆಳಿಯಷ್ಟಾದ್ರೂ ಸೊಟ್ಟ ಕುಂದರ್ತದ. ಹಿಡಿದ ಕೆಲಸ ಬಿಚ್ಚೂದು ಟರ್ನರ್‌ಗೆ ಹೇಸಿಗಿ,” ಅನ್ನುತ್ತಿದ್ದರು. ಚಿತ್ತಾಪುರದಲ್ಲಿ ಅವರ ಅಣ್ಣ ಸತ್ತ ಸುದ್ದಿ ಬಂದಾಗ ಚಕ್ಕಿನಲ್ಲಿ ಕೆಲಸವಿತ್ತು. ಅದನ್ನು ಮುಗಿಸಿ, ಕೈ ತೊಳೆದು, ಆಮೇಲೆ ಹೊರಟರು. ಜನ ಆಡಿಕೊಂಡರು. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಒಂದು ಹಳೆಯ ಸಣ್ಣ ಲೇತ್ ತಂದು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದರು. ಕಲ್ಲು ಕೊಯ್ಯುವ ಮಿಷಿನ್ನಿನವರು ಸವೆದ ಬುಷ್, ಮುರಿದ ಶಾಫ್ಟ್ ಹಿಡಿದುಕೊಂಡು ಬರುತ್ತಿದ್ದರು. ನಮ್ಮ ಓಣಿಯಲ್ಲಿ ಕರೆಂಟ್ ಬೇಕಾದಾಗ ಇರುತ್ತಿರಲಿಲ್ಲ. ಅದು ಹೋದಾಗ ಬೆಲ್ಟಿನ ದೊಡ್ಡ ಗಾಲಿಯನ್ನು ಕೈಯಿಂದ ತಿರುಗಿಸಿದವಳು ನಾನು. ಬೀಸುವ ಕಲ್ಲು ಅದರ ಮುಂದೆ ಆಟದ ಸಾಮಾನು. ಇವರು ಕೊರೆಯುತ್ತಿದ್ದರು, ನಾನು ತಿರುಗಿಸುತ್ತಿದ್ದೆ, ತಿರುಗಿಸುತ್ತ ನೋಡುತ್ತಿದ್ದೆ. ಅವರು ಕಲಿಸಲಿಲ್ಲ. ನೋಡಬೇಡ ಎಂದೂ ಹೇಳಲಿಲ್ಲ. ಅವರು ಊಟಕ್ಕೆ ಎದ್ದಾಗ ಉಳಿದ ತುಂಡುಗಳ ಮೇಲೆ ನಾನು ಕೈ ಆಡಿಸುತ್ತಿದ್ದೆ. ಹೀಗೇ ಕೈಗೆ ಬಂತು.

ವಯಸ್ಸಾದ ಮೇಲೆ ಅವರ ಕೈ ನಡುಗಲು ಶುರುವಾಯಿತು. ಮೊದಲು ಚಹದ ಬಟ್ಟಲಲ್ಲಿ ಗೊತ್ತಾಯಿತು. ಆಮೇಲೆ ಲೇತಿಗೆ ಕೊರೆಯುವ ಟೂಲ್ ಕಟ್ಟುವಾಗ. ಗಿರಾಕಿಗಳು ವಾಡಿಯ ದೊಡ್ಡ ವರ್ಕ್‌ಶಾಪಿಗೆ ಹೋಗತೊಡಗಿದರು. ಒಂದು ದಿನ ಶೆಡ್ಡಿನ ಬಾಗಿಲು ಎಳೆದುಕೊಂಡು ಹೊರಗೆ ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕೂತರು. ಕೂತವರು ಮತ್ತೆ ಒಳಗೆ ಹೋಗಲಿಲ್ಲ.

ಆ ಬೇಸಿಗೆ ಹುಟ್ಟುತ್ತಲೇ ಸುಡುತ್ತಿತ್ತು. ಬೆಳಗಿನ ರೊಟ್ಟಿ ಬಡಿದು ಮುಗಿಸುವುದರೊಳಗೆ ಅಂಗಳದ ಫರಸಿ ಕಲ್ಲು ಕಾಲಿಗೆ ಚುರ್ ಅನ್ನುತ್ತಿತ್ತು. ಒಂದು ದಿನ ರೊಟ್ಟಿ, ಪುಂಡಿ ಪಲ್ಯ ಕೊಟ್ಟು ಎದುರಿಗೆ ಕೂತಿದ್ದೆ. ಮುದುಕ ತುತ್ತು ನುಂಗಿ ಹೇಳಿದರು.

“ಚಿತ್ತಾಪುರದ ಗುಜರಿಯವನಿಗೆ ಮಾತು ಕೊಟ್ಟೀನಿ. ಮಳಿಗಿಂತ ಮೊದಲ ಬಂದು ಲೇತ್ ಒಯ್ತಾನ. ಮಳಿ ಬಿದ್ದ ಮ್ಯಾಲ ನಮ್ಮ ಓಣ್ಯಾಗ ಟೆಂಪೋ ಬರೂದಿಲ್ಲ.”

“ಯಾರನ್ನ ಕೇಳಿ ಕೊಟ್ರಿ?”

“ಯಾರನ್ನ ಕೇಳ್ಬೇಕು? ನನ್ನ ಮಿಷಿನ್. ನನ್ನ ಕೈಗೆ ಆಗೂದಿಲ್ಲ. ಕೈ ಇಲ್ಲದ ಮನ್ಯಾಗ ಮಿಷಿನ್ ಯಾಕ?”

ನಾನು ಎರಡೂ ಕೈ ಅವರ ಗಂಗಾಳದ ಮೇಲೆ ಚಾಚಿದೆ. “ಇವೇನು? ಕುಡಗೋಲೇನು?”

“ಅವು ರೊಟ್ಟಿ ಬಡಿಯೋ ಕೈ.”

“ಕರೆಂಟ್ ಹೋದಾಗ ನಿಮ್ಮ ಗಾಲಿ ತಿರುವಿದ್ದು ಯಾವ ಕೈ? ಅವತ್ತ ಇವು ಮಿಷಿನ್ ಕೈ ಆಗಿದ್ವು, ಇವತ್ತ ರೊಟ್ಟಿ ಕೈ ಆದ್ವು?”

“ಏ ಕಾಶಿ, ಉಣ್ಣಾಕ ಬಿಡ್ತಿಯೋ ಇಲ್ಲೋ?”

“ಉಣ್ರಿ. ಲೇತ್ ಹೋಗೂದಿಲ್ಲ.”

ಚಿಂಚೋಳಿಯಲ್ಲಿರುವ ಮಗಳು ಫೋನಿನಲ್ಲಿ ಅಪ್ಪನ ಕಡೆಗೇ ಮಾತಾಡಿದಳು. ಈ ವಯಸ್ಸಿನಲ್ಲಿ ಕೈ ಬೆರಳು ಹೋದರೆ ಯಾರು ನೋಡುತ್ತಾರೆ ಎಂದಳು. ಇರುವ ತನಕ ಕೆಲಸ ಮಾಡುತ್ತವೆ ಎಂದು ಫೋನ್ ಇಟ್ಟೆ.

ಮರುದಿನ ಶೆಡ್ಡಿನ ಬಾಗಿಲು ತೆಗೆದೆ. ಮೂಲೆಯಲ್ಲಿ ಒಂದು ಡಬ್ಬಿಯಿತ್ತು. ಅದರೊಳಗೆ ಒಂದು ದಪ್ಪ ಕಬ್ಬಿಣದ ಪಟ್ಟಿ, ಮೊಪೆಡ್ಡಿನ ಹಳೆಯ ಬೇರಿಂಗ್, ಅರ್ಧ ಉಜ್ಜಿದ ಒಂದು ಕಬ್ಬಿಣದ ತೋಳು. ಗುಂಡು ಕೊರೆಯಲೆಂದು ಇವರು ಎಂದೋ ಶುರು ಮಾಡಿ ಬಿಟ್ಟದ್ದು. ಲೇತ್ ತಾನಾಗಿ ಕಂಬ ಕೊರೆಯುತ್ತದೆ, ಗುಂಡು ಕೊರೆಯುವುದಿಲ್ಲ. ಗುಂಡಿಗೆ ಬೇರೆ ಅಟ್ಯಾಚ್‌ಮೆಂಟ್ ಬೇಕು. ಕಾರ್ಖಾನೆಯಲ್ಲಿ ಇತ್ತಂತೆ, ಮನೆಯಲ್ಲಿ ಇರಲಿಲ್ಲ. ಅದರ ಲೆಕ್ಕ ದೊಡ್ಡದೇನಲ್ಲ. ಬುಡದ ಪಟ್ಟಿಯನ್ನು ಲೇತಿನ ಮೇಲೆ ಬಿಗಿಯಬೇಕು. ಪಟ್ಟಿಯ ಮೇಲೆ ಬೇರಿಂಗ್, ಬೇರಿಂಗಿನ ಮೇಲೆ ಸುತ್ತುವ ತೋಳು, ತೋಳಿನ ತುದಿಗೆ ಟೂಲ್. ಕಬ್ಬಿಣ ಚಕ್ಕಿನಲ್ಲಿ ತಿರುಗುತ್ತಿರುವಾಗ ಈ ತೋಳನ್ನು ಕಮಾನಿನ ಹಾಗೆ ಕೈಯಿಂದ ಸುತ್ತಿಸಿದರೆ ಮೂಲೆಗಳು ಉದುರಿ ಒಳಗಿನ ಗುಂಡು ಹೊರಗೆ ಬರುತ್ತದೆ.

ನನಗೆ ಗುಂಡು ಯಾಕೆ ಬೇಕಿತ್ತು? ನಮ್ಮ ಲೇತಿನ ಹಿಡಿಕೆಗಳ ಗುಂಡುಗಳು ಒಡೆದು ಹೋಗಿ ಬರೀ ಸರಳು ಉಳಿದಿದ್ದವು. ಅದಕ್ಕೆ ಬಟ್ಟೆ ಸುತ್ತಿ ತಿರುಗಿಸಬೇಕಾಗುತ್ತಿತ್ತು, ಬೆರಳ ಗಂಟುಗಳು ಉರಿಯುತ್ತಿದ್ದವು. ಇದು ಒಂದು ಕಾರಣ. ಇನ್ನೊಂದು ಕಾರಣ, ಮಾಡಬೇಕು ಅನ್ನಿಸಿತು. ಗಂಡಸರು ಇಸ್ಪೀಟ್ ಆಡಿದರೆ ಯಾರೂ ಕಾರಣ ಕೇಳುವುದಿಲ್ಲ.

ಹೊರಸಿನ ಮೇಲಿನಿಂದ ಕೂಗು ಬಂತು. “ಒಳಗ ಏನ್ ನಡದದ?”

“ಗುಂಡಿನ ಅಟ್ಯಾಚ್‌ಮೆಂಟ್ ಮಾಡಾಕತ್ತೀನಿ.”

“ಅದು ನನ್ನ ಕೈಲೇ ಮುಗೀಲಿಲ್ಲ.”

“ಅದಕ್ಕ ನಾ ಮಾಡಾಕತ್ತೀನಿ.”

“ಅದರಿಂದ ಏನ್ ಬರ್ತದ?”

“ಏನೂ ಬರೂದಿಲ್ಲ. ನೀವು ಅಲ್ಲಿ ಕುಂತು ಬೈದ್ರ ಏನ್ ಬರ್ತದ? ಆದ್ರೂ ಬೈಯಾಕತ್ತೀರಲ್ಲ.”

ಬುಡದ ಪಟ್ಟಿ ಮಟ್ಟವಾಗಿರಬೇಕು, ಅದೇ ಮುಖ್ಯ. ಮಟ್ಟ ಇಲ್ಲದಿದ್ದರೆ ಮೇಲಿನದೆಲ್ಲ ಅಲ್ಲಾಡುತ್ತದೆ. ನಮ್ಮೂರಿನವರಿಗೆ ಮಟ್ಟ ಅಂದರೆ ಫರಸಿ ಕಲ್ಲು. ನೆಲಕ್ಕೆ ಫರಸಿ, ಕಟ್ಟೆಗೆ ಫರಸಿ, ಮಾಳಿಗೆಗೆ ಫರಸಿ, ಅಡುಗೆಮನೆಯ ಗೂಡಿಗೂ ಫರಸಿ. ಹುಟ್ಟಿದಾಗಿಂದ ಅದರ ಮೇಲೇ ಉಂಡು ಮಲಗಿದವರು ಅದನ್ನು ಅನುಮಾನಿಸುವುದಿಲ್ಲ. ಮನೆಯಲ್ಲೆಲ್ಲ ನುಣುಪಾದ ಫರಸಿ ಅಡುಗೆಮನೆಯ ಹೊಸ್ತಿಲ ಹತ್ತಿರದ್ದು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಾರೆ ಹಾಕಿ ಅದನ್ನೇ ಎಬ್ಬಿಸಿದೆ.

“ಈಗ ಮನಿ ನೆಲಾ ಕೀಳಾಕತ್ತೀ?”

“ಒಂದೇ ಕಲ್ಲು. ದಾಟಿ ಬರ್ರಿ.”

ದೇವರ ಗೂಡಿನ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಕಲ್ಲಿಗೆ ತೆಳ್ಳಗೆ ಸವರಿದೆ. ಕಬ್ಬಿಣದ ಪಟ್ಟಿಯನ್ನು ಅದರ ಮೇಲೆ ಇಟ್ಟು ಆಡಿಸಿದರೆ ಉಬ್ಬಿದ ಜಾಗಕ್ಕೆ ಕೆಂಪು ಹತ್ತುತ್ತದೆ. ಕೆಂಪು ಹತ್ತಿದಲ್ಲಿ ಅರದಿಂದ ಉಜ್ಜಬೇಕು, ಮತ್ತೆ ಇಡಬೇಕು, ಮತ್ತೆ ಉಜ್ಜಬೇಕು. ಕಾರ್ಖಾನೆಯಲ್ಲಿ ಇದಕ್ಕೆ ಬೇರೆ ಬಣ್ಣವಿತ್ತು ಎಂದು ಇವರೇ ಹಿಂದೊಮ್ಮೆ ಹೇಳಿದ್ದರು. ನನ್ನ ಬಳಿ ಇದ್ದದ್ದು ಕುಂಕುಮ.

ಪೂಜೆಗೆ ಕೂತ ಮುದುಕ ಖಾಲಿ ಬಟ್ಟಲು ಹಿಡಿದು ಶೆಡ್ಡಿನ ಬಾಗಿಲಿಗೇ ಬಂದರು. “ಕುಂಕುಮ ಎಲ್ಲಿ ಹೋಯ್ತು?”

“ಕಬ್ಬಿಣಕ್ಕ ಹಚ್ಚೀನಿ.”

“ನಾ ಇನ್ನೂ ಬದುಕೀನಿ ಕಾಶಿ! ಹಣಿ ಮ್ಯಾಲಿಂದು ತೆಗೆದು ಕಬ್ಬಿಣಕ್ಕ ಹಚ್ಚಾಕತ್ತಿಯಲ್ಲ!”

“ಹಣಿ ಮ್ಯಾಲ ಅದ, ನೋಡ್ರಿ. ಇದು ಬಟ್ಟಲದಾಗಿಂದು.”

ಅವರು ಹಣೆ ನೋಡಿದರು, ಪಟ್ಟಿ ನೋಡಿದರು, ಖಾಲಿ ಬಟ್ಟಲು ಹಿಡಿದುಕೊಂಡೇ ಹೋದರು.

ತಗಡಿನ ಕೆಳಗೆ ಮಧ್ಯಾಹ್ನ ನಿಲ್ಲುವ ಹಾಗಿರಲಿಲ್ಲ. ಕಬ್ಬಿಣ ಮುಟ್ಟಿದರೆ ಬೊಬ್ಬೆ. ಬೆಳಿಗ್ಗೆ ಮಾಡುತ್ತಿದ್ದೆ, ಸಂಜೆ ಬಿಸಿಲು ಇಳಿದ ಮೇಲೆ ಮಾಡುತ್ತಿದ್ದೆ. ಕೊನೆಗೊಮ್ಮೆ ಪಟ್ಟಿಯ ಉದ್ದಗಲಕ್ಕೂ ಕೆಂಪು ಹತ್ತಿತು. ಕಲ್ಲಿಗೂ ಅದಕ್ಕೂ ನಡುವೆ ಹಾಳೆ ತೂರುವಷ್ಟು ಸಂದಿಯಿಲ್ಲ. ಬೇರಿಂಗ್ ಕೂರಿಸಿದೆ, ತೋಳು ಬಿಗಿದೆ, ಚಕ್ಕಿಗೆ ಒಂದು ತುಂಡು ಹಿಡಿಸಿ ಮೋಟಾರು ಹಾಕಿದೆ.

ಟೂಲ್ ಮುಟ್ಟಿದ್ದೇ ತಡ, ಕರಕರ ಎಂದು ಇಡೀ ಶೆಡ್ಡು ಹಲ್ಲು ಕಡಿಯಿತು. ತೋಳು ನನ್ನ ಕೈಯಲ್ಲಿ ಹೊಯ್ದಾಡಿತು. ಟೂಲ್ ಕಬ್ಬಿಣದೊಳಗೆ ಸಿಕ್ಕು ಟಪ್ಪನೆ ಮುರಿದು ತಗಡಿಗೆ ಬಡಿಯಿತು. ಮೋಟಾರು ನಿಲ್ಲಿಸಿ ನೋಡಿದೆ. ಗುಂಡಿನ ಮೈಯೆಲ್ಲ ಗಂಟು ಗಂಟು.

ಇವರು ಬಂದು ಇಣುಕಿ ನೋಡಿದರು. ಕೈ ನಡುಗಿದರೂ ನಗು ನಡುಗಲಿಲ್ಲ. “ಸೀತಾಫಲ ಭಾಳ ಚಲೋ ಮಾಡೀ. ಬುಡ ಅಲ್ಲಾಡಾಕತ್ತದ.”

“ಬುಡ ಮಟ್ಟ ಅದ. ಕಲ್ಲಿನ ಮ್ಯಾಲ ಬರೋಬ್ಬರಿ ಕುಂತದ.”

“ಹಂಗಿದ್ರ ಕಲ್ಲಿನ ಮ್ಯಾಲೇ ಗುಂಡು ಕೊರಿ,” ಎಂದು ಹೊರಗೆ ಹೋಗಿ, ನನಗೆ ಕೇಳಲೆಂದೇ ಗಟ್ಟಿಯಾಗಿ ಗುಜರಿಯವನಿಗೆ ಫೋನ್ ಮಾಡಿದರು. “ಮಳಿ ತನಕ ಕಾಯಬ್ಯಾಡಪ್ಪ. ಈ ವಾರದಾಗೇ ಬಾ. ಇಲ್ಲಿ ಮಿಷಿನ್ ಹಲ್ಲು ಮುರಿಯಾಕತ್ತಾರ.”

ಅವತ್ತು ನಾನು ಅಡುಗೆ ಮಾಡಲಿಲ್ಲ. ಶೇಂಗಾ ಹಿಂಡಿ, ನಿನ್ನೆಯ ಖಡಕ್ ರೊಟ್ಟಿ ಮುಂದಿಟ್ಟೆ. ಉಂಡರು.

ಸಂಜೆ ಪಕ್ಕದ ಮನೆಯ ಮಾಬಮ್ಮ ಬಂದಳು. ಹುಡುಗಿಯರಾಗಿದ್ದಾಗ ನಾನೂ ಅವಳೂ ಒಬ್ಬನೇ ಮೇಸ್ತ್ರಿಯ ಕೆಳಗೆ ಒಂದೇ ಅಡ್ಡೆಯಲ್ಲಿ ಕೈಯಿಂದ ಫರಸಿ ಪಾಲಿಶ್ ಮಾಡಿದವರು. ಆಗ ಮಿಷಿನ್ ಬಂದಿರಲಿಲ್ಲ. ಅವಳು ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು.

“ಕಾಶಕ್ಕ, ಇದು ಎಲ್ಲಿ ಕಲ್ಲು?”

“ಅಡಗಿಮನಿ ಹೊಸ್ತಿಲದ್ದು. ಮನ್ಯಾಗ ಇದರಷ್ಟು ನುಣುಪು ಯಾವುದೂ ಇಲ್ಲ.”

“ಯಾ ಅಲ್ಲಾ! ನುಣುಪು ಯಾಕ ಅದ? ನೀ ಲಗ್ನ ಆಗಿ ಬಂದಾಗಿಂದ ಅದರ ಮ್ಯಾಲೇ ಅಡ್ಡಾಡೀ. ಕಾಲಿಲೆ ಸವದದ.” ಚೊಂಬಿನಿಂದ ನೀರು ಸುರಿದಳು. ನೀರು ಅಂಚಿಗೆ ಹರಿಯಲಿಲ್ಲ. ನಡುವೆ ಬಂದು ನಿಂತಿತು, ತಟ್ಟೆಯಲ್ಲಿ ನಿಂತ ಹಾಗೆ.

ಕಲ್ಲಿನ ನಡು ತಗ್ಗಾಗಿತ್ತು. ಅದಕ್ಕೆ ಹೊಂದಿಸುತ್ತ ಹೊಂದಿಸುತ್ತ ಕಬ್ಬಿಣದ ಹೊಟ್ಟೆಯನ್ನು ನಾನೇ ಉಬ್ಬಿಸಿದ್ದೆ. ಅವೆರಡೂ ಒಂದಕ್ಕೊಂದು ಸರಿಯಾಗಿದ್ದವು. ಲೇತಿನ ಮಟ್ಟದ ಮೈ ಮೇಲೆ ಇಟ್ಟರೆ ಹೊಟ್ಟೆ ಹೊಯ್ದಾಡದೆ ಏನು ಮಾಡೀತು? ಕಲ್ಲಿನ ಊರಲ್ಲಿ ಹುಟ್ಟಿ, ಕಲ್ಲು ತಿಕ್ಕಿ ಬೆಳೆದವಳು ನುಣುಪನ್ನು ಮಟ್ಟ ಅಂದುಕೊಂಡಿದ್ದೆ.

“ಮೇಸ್ತ್ರಿ ಹ್ಯಾಂಗ ಮಾಡಸ್ತಿದ್ದ, ನೆನಪದ ಇಲ್ಲ?” ಮಾಬಮ್ಮ ಕೇಳಿದಳು.

ನೆನಪಾಯಿತು. ಪಕ್ಕಾ ಮಟ್ಟದ ಕಲ್ಲು ಬೇಕೆಂದು ಯಾರಾದರೂ ಕೇಳಿದರೆ ಮೇಸ್ತ್ರಿ ಎರಡು ಕಲ್ಲು ತಿಕ್ಕಿಸುತ್ತಿರಲಿಲ್ಲ. ಎರಡನ್ನೇ ತಿಕ್ಕಿದರೆ ಒಂದು ತಗ್ಗು, ಇನ್ನೊಂದು ಉಬ್ಬು ಆಗಿ, ಕೂಡಿಸಿದಾಗ ಚೆಂದ ಕೂರುತ್ತವೆ, ಗೊತ್ತೇ ಆಗುವುದಿಲ್ಲ. ಅವನು ಮೂರು ಕಲ್ಲು ತರಿಸುತ್ತಿದ್ದ. ಒಂದನೆಯದು ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ, ಮೂರನೆಯದು ಮತ್ತೆ ಒಂದನೆಯದರ ಮೇಲೆ. ಮೂರೂ ಒಂದಕ್ಕೊಂದು ಕೂತರೆ ತಗ್ಗು ಉಬ್ಬು ಉಳಿಯಲು ಜಾಗವೇ ಇರುವುದಿಲ್ಲ.

ಮಾಬಮ್ಮನ ಹಿತ್ತಲಲ್ಲಿ ಮೂರು ಸಣ್ಣ ಫರಸಿ ಬಿದ್ದಿದ್ದವು. ಉಸುಕು, ನೀರು ಹಾಕಿಕೊಂಡು ಬೇವಿನ ಕೆಳಗೆ ಇಬ್ಬರೂ ಎದುರುಬದುರು ಕೂತೆವು. ಮುದುಕರ ಹೊರಸಿನ ಪಕ್ಕದಲ್ಲೇ. ಗರ್ರ್ ಗರ್ರ್ ಎಂದು ತಿಕ್ಕುವ ಸದ್ದಿಗೆ ಅವರು ಮಗ್ಗಲು ಬದಲಿಸಿದರು.

“ಮಾಬಮ್ಮ, ನೀನೂ ಇಕಿ ಜೋಡಿ ಕೂಡಿದ್ಯಾ?”

“ಏನ್ ಮಾಡ್ಲಿ ಕಾಕಾ, ನಿಮ್ಮಿಬ್ಬರನ್ನ ಎಷ್ಟು ತಿಕ್ಕಿದ್ರೂ ಮಟ್ಟ ಆಗವಲ್ರಿ. ಮೂರನೇ ಕಲ್ಲು ಬೇಕಾಯ್ತು.”

ಮುದುಕ ನಗಬಾರದೆಂದು ಕೆಮ್ಮಿದರು.

ನಮ್ಮ ತೋಳು ಬಿದ್ದು ಹೋದವು. ಉಗುರು ಸವೆದು ನೀರು ತಾಗಿದರೆ ಉರಿ. ಆದರೆ ಮೈಗೆ ಹಳೆಯ ಹಿಡಿತ ನೆನಪಿತ್ತು, ಎಲ್ಲಿ ಒತ್ತಬೇಕು, ಯಾವಾಗ ಕಲ್ಲು ತಿರುಗಿಸಬೇಕು ಎಂದು ಹೇಳಿಕೊಳ್ಳಬೇಕಾಗಲಿಲ್ಲ. ಮೂರೂ ಕಲ್ಲು ಒಂದಕ್ಕೊಂದು ಅಂಟಿ ಕೂರತೊಡಗಿದ ಮೇಲೆ ಅದರಲ್ಲೊಂದಕ್ಕೆ ಕುಂಕುಮ ಸವರಿ ಪಟ್ಟಿ ಇಟ್ಟೆ. ಕೆಂಪು ನಡುವೆ ಮಾತ್ರ ಹತ್ತಿತು, ಹೊಟ್ಟೆಗೆ. ಅದನ್ನು ಇಳಿಸಲು ಮತ್ತೆ ಅರ ಹಿಡಿದೆ.

ಗುಜರಿಯವನು ಬಂದ ದಿನ ಬೆಳಗಿನಿಂದಲೇ ಗಾಳಿ ಇರಲಿಲ್ಲ. ಚಿಂಚೋಳಿ ಕಡೆಯ ಆಕಾಶ ಕಪ್ಪಾಗಿತ್ತು. ಟೆಂಪೋ ಓಣಿಯ ತುದಿಯಲ್ಲಿ ತಿರುಗಿದ ಸದ್ದು ಕೇಳಿದಾಗ ನಾನು ಬುಡದ ಪಟ್ಟಿಯ ಕೊನೆಯ ಬೋಲ್ಟು ಬಿಗಿಯುತ್ತಿದ್ದೆ. ಪಟ್ಟಿ ಅಲ್ಲಾಡಲಿಲ್ಲ. ಒಂದು ದಪ್ಪ ಸರಳಿನ ತುಂಡನ್ನು ಚಕ್ಕಿಗೆ ಹಿಡಿಸಿದೆ, ಬಿಗಿದೆ, ಮೋಟಾರು ಹಾಕಿದೆ.

ಟೂಲ್ ಮುಟ್ಟಿತು. ಸುಯ್ ಎನ್ನುವ ಸದ್ದು ಬಿಟ್ಟರೆ ಮತ್ತೇನಿಲ್ಲ. ತೋಳು ನನ್ನ ಕೈ ಹೇಳಿದಂತೆ ಸುತ್ತಿತು. ಎಣ್ಣೆ ಸುಟ್ಟು ಹೊಗೆ ಎದ್ದಿತು. ಸಿಪ್ಪೆ ಸುರುಳಿಯಾಗಿ ನನ್ನ ಕಾಲ ಬಳಿ ಬೀಳತೊಡಗಿತು.

ಗುಜರಿಯವನು ಹಗ್ಗ, ಪಾನಾ ಹಿಡಿದು ಬಾಗಿಲಿಗೆ ಬಂದ. “ಆಯಿ, ಬಂದ್ ಮಾಡ್ರಿ. ಬೋಲ್ಟ್ ಬಿಚ್ಚಬೇಕು.”

“ಕೆಲಸ ನಡದದ.”

“ಮಳಿ ಬರ್ಲಿಕತ್ತದ ಆಯಿ. ಈ ಎರಿ ಮಣ್ಣಾಗ ಗಾಡಿ ಸಿಕ್ರ ನಾನೇ ಇಲ್ಲಿ ಮನಿ ಮಾಡ್ಬೇಕಾಗ್ತದ.”

“ಮಾಡಪ್ಪ. ಓಣ್ಯಾಗ ಜಾಗ ಅದ.”

ಅವನು ಹೊರಗೆ ತಿರುಗಿದ. “ಮುತ್ಯಾ, ನೀವರ ಹೇಳ್ರಿ!”

ನಮ್ಮವರು ಎದ್ದು ಬಂದರು. ಗೋಡೆ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ನನ್ನ ಮುಖ ನೋಡಲಿಲ್ಲ. ಸದ್ದು ಕೇಳಿದರು. ಸಿಪ್ಪೆ ನೋಡಿದರು. ಬಗ್ಗಿ ಒಂದು ಸುರುಳಿ ಎತ್ತಿಕೊಂಡು ಬೆಳಕಿಗೆ ಹಿಡಿದರು. ಆಮೇಲೆ ಚಕ್ ನೋಡಿದರು.

“ಚಕ್‌ನ್ಯಾಗ ಕೆಲಸ ಅದ,” ಅಂದರು.

“ಅದೇನ್ ದೊಡ್ಡ ಕೆಲಸ ಮುತ್ಯಾ? ಒಂದು ತುಂಡು. ಬಿಚ್ಚಿ ಒಗೀರಿ.”

ಮುದುಕರ ಕುತ್ತಿಗೆಯ ನರ ಎದ್ದವು. “ನನ್ನ ಮಿಷಿನ್ ಮ್ಯಾಲ ಹಿಡಿದ ಕೆಲಸ ಬಿಚ್ಚಂತಿ? ನನಗ ಹೇಳ್ತಿ? ನಡೀ ಹೊರಗ! ಮುಗಿಯೂ ತನಕಾ ಬೇವಿನ ಕೆಳಗ ಕುಂದ್ರು.”

ಅವನು ಕೂತ. ನಾನು ಅವನಿಗೆ ಮಜ್ಜಿಗೆ ಕೊಡಿರೆಂದು ಒಳಗಿನಿಂದಲೇ ಕೂಗಿದೆ. ತೋಳನ್ನು ಸಾವಕಾಶ ಸುತ್ತಿಸಿದೆ, ಹೊಸ ಸೊಸೆ ರಂಗೋಲಿ ಹಾಕುವಷ್ಟು ಸಾವಕಾಶ. ದೊಡ್ಡ ದೊಡ್ಡ ಹನಿ ತಗಡಿನ ಮೇಲೆ ಬಿದ್ದವು. ಗುಜರಿಯವನು ಮಜ್ಜಿಗೆಯ ಗ್ಲಾಸ್ ಕೆಳಗಿಟ್ಟು, ಆಕಾಶ ನೋಡಿ, ಏನೋ ಬೈದುಕೊಂಡು ಟೆಂಪೋ ಹತ್ತಿ ಹೋದ.

ಗುಂಡು ದುಂಡಗಾಗಿತ್ತು. ಹಿಂದೆ ಬೆರಳಷ್ಟು ಕುತ್ತಿಗೆ ಮಾತ್ರ ಉಳಿದಿತ್ತು. ಮೋಟಾರು ನಿಲ್ಲಿಸಿದೆ.

“ಕತ್ತರಸು,” ಅಂದರು ಇವರು.

“ಮುಗಿದಿಲ್ಲ.”

“ಮುಗದದ. ನನಗ ಕಾಣಸೂದಿಲ್ಲೇನು?”

“ನಾ ಹಿಡದ ಕೆಲಸ. ಮುಗೀತೋ ಇಲ್ಲೋ ನಾ ಹೇಳ್ತೀನಿ.”

ಅವರು ನನ್ನ ಮುಖ ನೋಡಿದರು. ತಿಳಿಯಿತು ಅವರಿಗೆ. “ಕಳ್ಳಿ ಇದ್ದೀ,” ಎಂದು ಹೊರಸನ್ನು ಮಳೆಯಿಂದ ಎಳೆದುಕೊಂಡು ಒಳಗೆ ಬಂದರು. ಅಡುಗೆಮನೆಗಲ್ಲ, ಶೆಡ್ಡಿನ ಒಳಗೆ.

ಮಾರನೆಯ ದಿನ ಗುಂಡನ್ನು ಕತ್ತರಿಸಿದೆ. ಕತ್ತರಿಸಿದ ಕೈಯಲ್ಲೇ ಇನ್ನೊಂದು ಸರಳು ಹಿಡಿಸಿದೆ. ಆ ಮಳೆಗಾಲ ಪೂರ್ತಿ ಹೀಗೇ ನಡೆಯಿತು. ಹಿಡಿಕೆಗಳಿಗೆಲ್ಲ ಅಂಗೈ ತುಂಬುವ ಗುಂಡು ಕೂರಿಸಿದೆ. ನನ್ನ ಬೆರಳಿಗೆ ಮಾಡಿಕೊಂಡದ್ದು. ಅದು ಎಷ್ಟು ದಪ್ಪವಿತ್ತೆಂದರೆ ನಡುಗುವ ಕೈಯೂ ಜಾರದೆ ಹಿಡಿಯುತ್ತಿತ್ತು. ಅವರೂ ಹಿಡಿದರು. ಹಿಡಿದ ಮೇಲೆ ಇದು ಸರಿಯಿಲ್ಲ, ಅದು ಸರಿಯಿಲ್ಲ ಎಂದು ದಿನವೂ ಜಗಳ. ಜಗಳ ಒಳಗೆ ನಿಂತು ಆಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಎರಡು ಮಳೆಗಾಲ ಕಳೆದು ಅವರು ಹೋದರು. ಮಣ್ಣು ಮಾಡಿ ಬಂದ ಕೆಲವು ದಿನಕ್ಕೆ ಗುಜರಿಯವನು ಮಾತಾಡಿಸಲು ಬಂದ. ಚಹ ಕುಡಿದ. ಮುತ್ಯಾ ಭಾಳ ಒಳ್ಳೆಯವರಿದ್ದರು ಅಂದ. ಆಮೇಲೆ ಶೆಡ್ಡಿನ ಕಡೆ ನೋಡಿ, “ಇನ್ನ ಅದನ್ನ ಏನ್ ಮಾಡ್ತೀರಿ ಆಯಿ?” ಅಂದ. ಮಗಳು ನನ್ನ ಮುಖ ನೋಡಿದಳು.

ನಾನು ಎದ್ದು ಶೆಡ್ಡಿನ ಬಾಗಿಲು ತೆಗೆದು ತೋರಿಸಿದೆ. ಚಕ್ಕಿನಲ್ಲಿ ಅರ್ಧ ಕೊರೆದ ಗುಂಡು ಇತ್ತು.

“ಖಾಲಿ ಆದ ದಿನಾ ಬಾರಪ್ಪ,” ಅಂದೆ.

ಈಗಲೂ ಈ ಕಡೆ ಬಂದರೆ ಇಣುಕಿ ನೋಡಿ ಹೋಗುತ್ತಾನೆ. ಮಗಳು ಕೇಳುವುದು ಬಿಟ್ಟಿದ್ದಾಳೆ.

ಸೇಡಮಿನ ಆ ಅಂಗಡಿಯವನು ಕೊನೆಗೆ ಮೋಟಾರು ನಿಲ್ಲಿಸಿ ಕೇಳಿದ. “ಆಯಿ, ಖರೇ ಹೇಳು, ಏನ್ ಬೇಕು ನಿನಗ?”

“ಹಳೇ ಬೇರಿಂಗ್ ಅವೇನು? ಒಂದೇ ಅಳತಿದು ಮೂರು ಬೇಕು.”

“ಏನ್ ಮಾಡ್ತಿ?”

ಉದ್ದ ಸರಳು ಕೊರೆಯುವಾಗ ನಡು ಬಳುಕುತ್ತದೆ. ಅದು ಬಳುಕದಂತೆ ಮೂರು ಕಡೆಯಿಂದ ಹಿಡಿದು ನಿಲ್ಲುವ ಆಸರೆಯೊಂದನ್ನು ಮಾಡುತ್ತಿದ್ದೇನೆ ಎಂದೆ. ಅವನು ಕೆಲಸ ಬಿಟ್ಟು ಪೂರ್ತಿ ನನ್ನ ಕಡೆ ತಿರುಗಿದ.

“ಯಾರಿಗಿ?”

“ಯಾರಿಗೂ ಅಲ್ಲ. ನನಗ.”

ಅವನು ಡಬ್ಬಿಯಲ್ಲಿ ಹುಡುಕಿ ಮೂರು ಕೊಟ್ಟ. ಚೀಲದಲ್ಲಿ ಹಾಕಿಕೊಂಡು ಮುಂದಿನ ಬಸ್ ಹತ್ತಿದೆ. ಸೆರಗು ಮನೆಯ ತನಕ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗು ಮುಚ್ಚಿಕೊಂಡು ಕಿಟಕಿಯ ಕಡೆ ಸರಿದಳು. ನಾನು ಇನ್ನಷ್ಟು ಅಗಲವಾಗಿ ಕೂತೆ.